ಯಂತ್ರವನ್ನು ನಿಲ್ಲಿಸುವ ವಿದ್ಯೆ

ಮೊಳಕಾಲ್ಮೂರು ಸೀಮೆಯ ರೇಷ್ಮೆ ನೇಕಾರರ ಮನೆಗಳಲ್ಲಿ ಮಕ್ಕಳು ಕಸುಬನ್ನು ಕಲಿಯುತ್ತಿದ್ದ ಕ್ರಮವನ್ನು ಬಲ್ಲವರು ಆ ಸೀಮೆಯ ರಾಂಪುರದ ಸುತ್ತಮುತ್ತ ಅನೇಕರಿರಬಹುದು. ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತ ತಂದೆಯ ಮಗ್ಗುಲಲ್ಲಿ ಮೊದಲು ಸುಮ್ಮನೆ ನೋಡುತ್ತ, ಅನಂತರ ಕಂಡಿಕೆ ಸುತ್ತುತ್ತ, ಕಡಿದ ಎಳೆಗಳನ್ನು ಕೂಡಿಸುತ್ತ, ಬಹುಕಾಲದ ಮೇಲೆ ಲಾಳಿಯನ್ನು ಮುಟ್ಟುವ ಅಧಿಕಾರವನ್ನು ಪಡೆಯುತ್ತಿದ್ದ ಬಾಲಕನಿಗೆ ಎಚ್ಚರವು ಕಸುಬಿನೊಡನೆಯೇ ಕೈಗೆ ಇಳಿದುಬರುತ್ತಿತ್ತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಕಸುಬೇ ಶಿಕ್ಷಣದ ಕೇಂದ್ರವಾಗಬೇಕೆಂದು ಪ್ರತಿಪಾದಿಸಿದಾಗ ಅವರ ಕಣ್ಣ ಮುಂದಿದ್ದದ್ದು ಚರಕ, ಮಗ್ಗಗಳಂಥ ಸಾಧನಗಳೇ.

ಆದರೆ ಕೈಮಗ್ಗಕ್ಕೊಂದು ಗುಣವುಂಟು: ಕೈ ನಿಂತರೆ ಅದೂ ನಿಲ್ಲುತ್ತದೆ. ವಿದ್ಯುತ್ತಿನಿಂದ ತಿರುಗುವ ಲೇತಾಗಲಿ, ಡ್ರಿಲ್ಲಿಂಗ್ ಯಂತ್ರವಾಗಲಿ, ಕೈ ನಿಂತರೂ ನಿಲ್ಲದು. ಕೈಯೇ ಸಿಕ್ಕಿಕೊಂಡರೂ ನಿಲ್ಲದು. ಆದಕಾರಣ ಮನೆಯ ಕಸುಬು ಕಲಿಸಿದ ಎಚ್ಚರವು ಇಲ್ಲಿ ಸಾಲದು. ಶಾಲೆಯ ಕಾರ್ಯಾಗಾರದಲ್ಲಿ ವಿದ್ಯಾರ್ಥಿಗೆ ಮೊಟ್ಟಮೊದಲು ಕಲಿಸತಕ್ಕದ್ದು ಯಂತ್ರವನ್ನು ನಿಲ್ಲಿಸುವುದನ್ನು. ಕಣ್ಣು ಕೆಲಸದ ಮೇಲಿರುವಾಗಲೇ ಕೈ ತಾನಾಗಿ ಸ್ವಿಚ್ಚಿನ ಬಳಿಗೆ ಹೋಗುವಷ್ಟು ಅಭ್ಯಾಸವಾದ ಮೇಲೆ ಅದನ್ನು ನಡೆಸಲು ಬಿಡಬಹುದು.

ಲೇತಿನಲ್ಲಿ ಲೋಹದ ತುಂಡನ್ನು ಹಿಡಿದು ತಿರುಗುವ ಚಕ್ಕನ್ನು ಬಿಗಿಮಾಡುವ ಕೀಲಿಯನ್ನೇ ನೋಡಿರಿ. ಬಿಗಿಮಾಡಿದವನು ಅದನ್ನು ಅಲ್ಲಿಯೇ ಮರೆತು ಸ್ವಿಚ್ಚು ಹಾಕಿದನಾದರೆ, ನಿಮಿಷಕ್ಕೆ ನೂರಾರು ಸುತ್ತು ತಿರುಗುವ ಚಕ್ಕು ಆ ಉಕ್ಕಿನ ತುಂಡನ್ನು ಎದುರಿಗಿದ್ದವನ ಮುಖದ ಮೇಲೆಯೇ ಎಸೆಯಬಹುದು. ಬಲ್ಲ ಶಿಕ್ಷಕರು ಇದಕ್ಕೆ ಗೋಡೆಯ ಮೇಲೊಂದು ಫಲಕ ಬರೆಸಿ ಸುಮ್ಮನಾಗುವುದಿಲ್ಲ. ಕೀಲಿಯನ್ನು ತೆಗೆದು ಅದರ ಜಾಗದಲ್ಲಿಟ್ಟಲ್ಲದೆ ಕೈಬಿಡಕೂಡದೆಂದು, ಆ ಚಲನೆ ಮೈಗೂಡುವವರೆಗೆ, ನಿಂತ ಯಂತ್ರದ ಮೇಲೆಯೇ ಮತ್ತೆ ಮತ್ತೆ ಮಾಡಿಸುತ್ತಾರೆ. ಕಾರಣವನ್ನು ಹೇಳುವುದೂ ಅಷ್ಟೇ ಮುಖ್ಯ. ಕೈಗವಸು ಕೈಯನ್ನು ಕಾಪಾಡುವುದೆಂಬ ನಂಬಿಕೆಯಿಂದ ಬಂದ ಹುಡುಗನಿಗೆ, ತಿರುಗುವ ಡ್ರಿಲ್ಲು ಬಟ್ಟೆಯ ಅಂಚನ್ನು ಹಿಡಿದು ಬೆರಳುಗಳನ್ನೂ ಸೆಳೆದೊಯ್ಯುವುದೆಂದು ತಿಳಿಸದೆ ಬರಿದೆ ಬೇಡವೆಂದರೆ, ಶಿಕ್ಷಕರು ಅತ್ತ ತಿರುಗಿದೊಡನೆ ಆತ ಅದನ್ನು ಹಾಕಿಕೊಂಡಾನು. ಹುಡುಗಿಯರ ಜಡೆ, ವೇಲುಗಳ ಅಪಾಯವೂ ಇದೇ. ಕಟ್ಟಿಕೊಂಡು ನಿಂತರೆ ಅವರು ಮಾಡಲಾಗದ ಕೆಲಸ ಯಾವುದೂ ಇಲ್ಲ.

ಕೈ ಹತಾರಗಳಲ್ಲಿಯೂ ಅಪಾಯವಿಲ್ಲದಿಲ್ಲ. ಹಿಡಿ ಹಾಕದ ಅರದ ಚೂಪಾದ ಬಾಲವು ಅಂಗೈಯನ್ನು ಚುಚ್ಚುತ್ತದೆ. ಹೊಡೆತ ತಿಂದು ಅಣಬೆಯಂತೆ ಹರಡಿದ ಉಳಿಯ ತಲೆಯಿಂದ ಚೂರು ಸಿಡಿಯುತ್ತದೆ. ಮೊಂಡು ಉಳಿಯು ಹರಿತವಾದ ಉಳಿಗಿಂತ ಕೇಡು, ಏಕೆಂದರೆ ಅದಕ್ಕೆ ಹೆಚ್ಚು ಬಲ ಹಾಕಬೇಕು, ಬಲ ಹಾಕಿದ ಕೈ ಜಾರುತ್ತದೆ.

ಬಳ್ಳಾರಿಗೆ ಹೋಗುವ ರಸ್ತೆಯ ಬದಿಯಲ್ಲಿ ಬೆಳೆವ ಮಕ್ಕಳು ಅಲ್ಲಿನ ಅಂಗಡಿಗಳ ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ನೋಡುತ್ತ ನಿಲ್ಲುವುದುಂಟು. ಆಗ ಏನೂ ಅನ್ನಿಸುವುದಿಲ್ಲ. ಅದರ ಅತಿನೇರಳೆ ಕಿರಣಗಳ ಪರಿಣಾಮವು ಕೆಲವು ಗಂಟೆಗಳ ಅನಂತರ, ಮಧ್ಯರಾತ್ರಿಯಲ್ಲಿ ಕಣ್ಣಲ್ಲಿ ಮರಳು ಬಿದ್ದಂಥ ಉರಿಯಾಗಿ ತೋರುವುದರಿಂದ, ಬಾಲಕನಿಗೆ ಕಾರ್ಯಕಾರಣ ಸಂಬಂಧವೇ ಹೊಳೆಯದು. ಇಂಥದನ್ನು ಹೇಳಿಕೊಡಲು ಶಿಕ್ಷಕರೇ ಬೇಕು, ಮತ್ತು ಆ ಶಿಕ್ಷಕರು ತಾವೂ ವೆಲ್ಡಿಂಗಿಗೆ ತಕ್ಕ ಮುಖಕವಚ ಧರಿಸಬೇಕು.

ಅಪಾಯಕರ ಯಂತ್ರದ ಮೇಲೆ ಕೆಲಸ ಮಾಡುವ ಕಿರಿಯನಿಗೆ ಅದರ ಅಪಾಯವನ್ನೂ ಮುನ್ನೆಚ್ಚರಿಕೆಯನ್ನೂ ಪೂರ್ಣವಾಗಿ ತಿಳಿಸಿರಬೇಕೆಂದೂ, ತಕ್ಕ ತರಬೇತಿಯಾಗಲಿ ಬಲ್ಲವರ ಮೇಲ್ವಿಚಾರಣೆಯಾಗಲಿ ಇರಬೇಕೆಂದೂ 1948ರ ಕಾರ್ಖಾನೆಗಳ ಕಾಯಿದೆಯ 23ನೆಯ ಪ್ರಕರಣ ವಿಧಿಸಿತ್ತು. ಕಾರ್ಖಾನೆಯಲ್ಲಿ ದುಡಿವವನಿಗೆ ಸಂದ ಈ ರಕ್ಷಣೆ ಶಾಲೆಯಲ್ಲಿ ಕಲಿವವನಿಗೆ ಕಡಿಮೆಯಾಗುವುದು ನ್ಯಾಯವೆ?

ಇನ್ನೊಂದು ಮಾತು. ಬೆರಳು ಕೊಯ್ದುಕೊಂಡ ಹುಡುಗ ಬೈಗುಳಕ್ಕೆ ಹೆದರಿ ಕೈಯನ್ನು ಜೇಬಿನಲ್ಲಿ ಅಡಗಿಸಿಕೊಳ್ಳುವ ಕಾರ್ಯಾಗಾರದಲ್ಲಿ ಶಿಕ್ಷಕರಿಗೆ ಯಾವ ಹತಾರ ಕೆಟ್ಟಿದೆಯೆಂಬುದೇ ಗೊತ್ತಾಗುವುದಿಲ್ಲ. ಯಾರು ಮಾಡಿದರೆಂದು ಕೇಳುವುದಕ್ಕೆ ಮೊದಲು ಹೇಗಾಯಿತೆಂದು ಕೇಳಬೇಕು. ಗಾಯ ತೊಳೆದು ಪಟ್ಟಿ ಕಟ್ಟಿದ ಮೇಲೆ ತರಗತಿಯನ್ನೆಲ್ಲ ಗಾಯಕ್ಕೆ ಕಾರಣವಾದ ಹತಾರದ ಸುತ್ತ ನಿಲ್ಲಿಸಿ, ಕೈ ಎಲ್ಲಿತ್ತು, ಎಲ್ಲಿರಬೇಕಾಗಿತ್ತು ಎಂಬುದನ್ನು ಆ ಹುಡುಗನಿಂದಲೇ ತೋರಿಸಬೇಕು.