ಕಾನೂನಿಗೆ ಸರಿ, ನ್ಯಾಯಕ್ಕೆ ಸರಿಯೇ?

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಬೆಳ್ಳಿ ಹಬ್ಬದ ಈ ಸಭೆಯಲ್ಲಿ ನಿರ್ದೇಶಕರೆಲ್ಲ ಎರಡೆರಡು ಮಾತು ಆಡಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿ ಒಕ್ಕಲುತನ ಹಿಡಿದವನು. ಭಾಷಣ ಮಾಡಿ ರೂಢಿ ಇಲ್ಲ. ಸಂಘದ ಸಾಧನೆಯ ಲೆಕ್ಕವನ್ನು ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ನಾನು ಒಂದು ತಪ್ಪಿನ ಲೆಕ್ಕ ಹೇಳುತ್ತೇನೆ. ಅದರಲ್ಲಿ ನನ್ನ ಪಾಲೂ ಇದೆ.

ಕೆಲವು ವರ್ಷಗಳ ಹಿಂದಿನ ಮಾತು. ಮುಂಗಾರು ಚೆನ್ನಾಗಿ ಹಿಡಿದಿತ್ತು, ಯೂರಿಯಾ ಮಾತ್ರ ಎಲ್ಲೂ ಸಿಗುತ್ತಿರಲಿಲ್ಲ. ಒಂದು ದಿನ ಸಂಜೆ ನಮ್ಮ ಗೋದಾಮಿಗೆ ಒಂದು ಲಾರಿ ಬಂತು, 220 ಚೀಲ. ಸುದ್ದಿ ಮೊದಲು ತಿಳಿದದ್ದು ನಿರ್ದೇಶಕರಿಗೆ. ನಾವು ಹನ್ನೊಂದು ಮಂದಿ ತಲಾ ಹತ್ತು ಚೀಲ ಒಯ್ದೆವು. ಕದ್ದು ಒಯ್ಯಲಿಲ್ಲ. ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದೆವು, ರೊಕ್ಕ ಕಟ್ಟಿದೆವು, ಪಾವತಿ ತೆಗೆದುಕೊಂಡೆವು. ಬೆಳಗಾಗುವಷ್ಟರಲ್ಲಿ ಅರ್ಧ ಲಾರಿ ಖಾಲಿ. ಬಾಗಿಲಲ್ಲಿ ನೋಡಿದರೆ ಇನ್ನೂರು ಜನರ ಸಾಲು.

ಸಾಲಿನ ಕೊನೆಗೆ ನಮ್ಮ ಓಣಿಯ ಒಬ್ಬ ಅಜ್ಜಿ ನಿಂತಿದ್ದಳು. ಒಂದೂವರೆ ಎಕರೆ ಗೋವಿನಜೋಳದವಳು. ಅವಳ ಪಾಳಿ ಬರುವುದರೊಳಗೆ ಗೊಬ್ಬರ ತೀರಿತು. ನನ್ನನ್ನು ಕಂಡು, ‘ರಾತ್ರಿನ ಅರ್ಧಾ ತೀರಿತ್ತಂತಲ್ಲೋ ತಮ್ಮಾ?’ ಅಂದಳು. ‘ಎಲ್ಲಾ ರೀತಿ ಪ್ರಕಾರನ ಆಗೇತಿ ಯವ್ವಾ, ಪಾವತಿ ಐತಿ’ ಅಂದೆ. ‘ಹೌದೇನು? ಹಂಗಾದ್ರ ನಿನ್ನ ಪಾವತೀನ ನನ್ನ ಗೋವಿನಜೋಳಕ್ಕ ಹಾಕ್ಲೇನು?’ ಎಂದು ಕೇಳಿ ಬರಿಗೈಲಿ ಹೋದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೈಲಾದ ಪುಸ್ತಕ ತಿರುವಿ ಹಾಕಿದೆ. ನಾವು ಮಾಡಿದ್ದು ತಪ್ಪು ಎಂದು ಯಾವ ಸಾಲಿನಲ್ಲೂ ಇರಲಿಲ್ಲ. ಇಲ್ಲದಿದ್ದರೇನು, ತಪ್ಪು ತಪ್ಪೇ. ಮುಂದಿನ ಸಭೆಯಲ್ಲಿ ಠರಾವು ತಂದೆವು: ‘ಗೊಬ್ಬರ, ಬೀಜ ಬಂದಾಗ ನಿರ್ದೇಶಕರು ಎಲ್ಲರಿಗಿಂತ ಕೊನೆಗೆ ಪಡೆಯತಕ್ಕದ್ದು.’ ಇಬ್ಬರು ಗೊಣಗಿದರು, ಆದರೂ ಸಹಿ ಮಾಡಿದರು. ನಡಾವಳಿ ಪುಸ್ತಕದಲ್ಲಿ ಆ ಒಂದು ಸಾಲು ಇವತ್ತಿಗೂ ಇದೆ.

ಬಂಧುಗಳೇ, ಇದನ್ನು ಏಕೆ ಹೇಳಿದೆನೆಂದರೆ, ನಮ್ಮ ರಾಜಕೀಯದಲ್ಲೂ ಇಂಥ ‘ಪಾವತಿ ಇರುವ ತಪ್ಪುಗಳು’ ಬಹಳ ಇವೆ. ಕಾನೂನಿಗೆ ಸರಿ, ನ್ಯಾಯಕ್ಕೆ ಸರಿಯಲ್ಲ. ಅದರಲ್ಲಿ ಒಂದನ್ನು ಮಾತ್ರ ಎತ್ತಿಕೊಳ್ಳುತ್ತೇನೆ: ಐದು ವರ್ಷಕ್ಕೆಂದು ಆರಿಸಿ ಕಳಿಸಿದ ಶಾಸಕರು ನಡುವೆಯೇ ಬಿಟ್ಟು, ಇನ್ನೊಂದು ಪಕ್ಷದ ಚಿಹ್ನೆ ಹಿಡಿದು ಅದೇ ಸ್ಥಾನಕ್ಕೆ ಮತ್ತೆ ಬರುವುದು.

ಪಕ್ಷಾಂತರ ಹಳೆಯ ರೋಗ. 1967ರಲ್ಲಿ ಹರಿಯಾಣದ ಗಯಾ ಲಾಲ್ ಎಂಬ ಶಾಸಕರು ಹದಿನೈದು ದಿನದೊಳಗೆ ಮೂರು ಸಲ ಪಕ್ಷ ಬದಲಿಸಿದರು. ‘ಆಯಾ ರಾಮ್ ಗಯಾ ರಾಮ್’ ಎಂಬ ಮಾತು ಹುಟ್ಟಿದ್ದೇ ಅಲ್ಲಿಂದ. 1985ರಲ್ಲಿ ಸಂವಿಧಾನಕ್ಕೆ 52ನೆಯ ತಿದ್ದುಪಡಿ ತಂದು ಬೇಲಿ ಹಾಕಿದರು. ಪಕ್ಷ ಬಿಟ್ಟರೆ, ಪಕ್ಷದ ಆದೇಶ ಮೀರಿ ಮತ ಹಾಕಿದರೆ ಸ್ಥಾನ ಹೋಗುತ್ತದೆ. ಆದರೆ ಮೂರರಲ್ಲಿ ಒಂದು ಭಾಗ ಶಾಸಕರು ಒಟ್ಟಿಗೆ ಒಡೆದು ಹೋದರೆ ತಪ್ಪಿಲ್ಲ ಎಂದು ಒಂದು ಕಂಡಿ ಬಿಟ್ಟರು. 2003ರಲ್ಲಿ 91ನೆಯ ತಿದ್ದುಪಡಿ ಆ ಕಂಡಿ ಮುಚ್ಚಿತು. ಮಂತ್ರಿಗಳ ಸಂಖ್ಯೆಗೂ ಸದನದ ನೂರಕ್ಕೆ 15ರ ಮಿತಿ ಹಾಕಿತು.

ಹಳೆಯ ಕಂಡಿ ಮುಚ್ಚಿದರೆ ಹೊಸ ಕಂಡಿ ಹುಡುಕುವವರಿಗೆ ಬರವೇ? 2008ರಲ್ಲಿ ನಮ್ಮ ರಾಜ್ಯದಲ್ಲಿ ಕೆಲವು ವಿರೋಧ ಪಕ್ಷದ ಶಾಸಕರು ತಮ್ಮ ಸ್ಥಾನಕ್ಕೇ ರಾಜೀನಾಮೆ ಕೊಟ್ಟು, ಆಳುವ ಪಕ್ಷ ಸೇರಿ, ಉಪಚುನಾವಣೆಗೆ ನಿಂತರು. ಅದನ್ನು ‘ಆಪರೇಷನ್ ಕಮಲ’ ಎಂದು ಕರೆದರು. ಹೆಸರು ನೋಡಿ ಇದು ಒಂದೇ ಪಕ್ಷದ ರೋಗ ಎನ್ನಬೇಡಿ. 2019ರ ಜೂನ್‌ನಲ್ಲಿ ತೆಲಂಗಾಣದಲ್ಲಿ ಕಾಂಗ್ರೆಸ್ಸಿನ 18 ಶಾಸಕರಲ್ಲಿ 12 ಮಂದಿ ಆಗ ಆಳುತ್ತಿದ್ದ ಟಿ.ಆರ್.ಎಸ್. ಪಕ್ಷಕ್ಕೆ ಹೋದರು. ಮೂರರಲ್ಲಿ ಎರಡು ಭಾಗ ಹೋದರೆ ಅದಕ್ಕೆ ‘ವಿಲೀನ’ ಎಂಬ ಮರ್ಯಾದೆಯ ಹೆಸರು.

ಇನ್ನು ನಮ್ಮ ಹಾವೇರಿ ಜಿಲ್ಲೆಯ ಮಾತು. 2018ರ ಮೇನಲ್ಲಿ ಮತ ಹಾಕಿದೆವು. 2019ರ ಜುಲೈನಲ್ಲಿ ಶಾಸಕರು ಒಬ್ಬರ ಹಿಂದೊಬ್ಬರು ರಾಜೀನಾಮೆ ಪತ್ರ ಕೊಟ್ಟರು. ಹಲವರು ಮುಂಬೈ ಹೋಟೆಲ್ ಸೇರಿದರು. ಉಳಿದವರನ್ನು ಅವರವರ ಪಕ್ಷದವರು ರೆಸಾರ್ಟಿನಲ್ಲಿ ಕಾದರು. ಸರ್ಕಾರ ಬಿತ್ತು. ಸಭಾಧ್ಯಕ್ಷರು ಒಟ್ಟು 17 ಮಂದಿಯನ್ನು ಅನರ್ಹಗೊಳಿಸಿದರು. ಅವರಲ್ಲಿ ಹಿರೇಕೆರೂರು, ರಾಣೆಬೆನ್ನೂರು ಕ್ಷೇತ್ರದವರೂ ಇದ್ದರು.

ಮರು ತಿಂಗಳೇ ಉತ್ತರ ಕರ್ನಾಟಕಕ್ಕೆ ನೆರೆ ಬಂತು. ವರದಾ ನದಿ ಉಕ್ಕಿತು. ಆಗಸ್ಟ್ 20ರವರೆಗೆ ರಾಜ್ಯದಲ್ಲಿ ಮುಖ್ಯಮಂತ್ರಿ ಒಬ್ಬರೇ, ಬೇರೆ ಮಂತ್ರಿಗಳಿಲ್ಲ. ಜಿಲ್ಲೆಯ ಎರಡು ಕ್ಷೇತ್ರಕ್ಕೆ ಶಾಸಕರೇ ಇಲ್ಲ. ಮನೆ ಬಿದ್ದವರು, ಬೆಳೆ ಕೊಳೆತವರು ಯಾರ ಬಾಗಿಲಿಗೆ ಹೋಗಬೇಕಿತ್ತು?

ಆ 2019ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅನರ್ಹತೆ ಸರಿ, ಆದರೆ ಅವಧಿ ಮುಗಿಯುವವರೆಗೆ ಚುನಾವಣೆಗೆ ನಿಲ್ಲಬಾರದು ಎನ್ನುವ ಅಧಿಕಾರ ಈಗಿನ ಕಾನೂನಿನಲ್ಲಿ ಸಭಾಧ್ಯಕ್ಷರಿಗೆ ಇಲ್ಲ ಎಂದಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ಆಯಿತು. ಅನರ್ಹರಾದವರಲ್ಲಿ 13 ಮಂದಿ ಮತ್ತೆ ನಿಂತರು, 11 ಮಂದಿ ಗೆದ್ದರು. 2020ರ ಫೆಬ್ರುವರಿ 6ರಂದು ಅವರಲ್ಲಿ 10 ಮಂದಿ ಮಂತ್ರಿಗಳಾದರು. ಮರಳಿ ಬಂದ ದಾರಿಯಲ್ಲಿ ಒಂದು ಹೆಜ್ಜೆಯೂ ಕಾನೂನಿನ ಹೊರಗೆ ಬಿದ್ದಿರಲಿಲ್ಲ. ಎಲ್ಲದಕ್ಕೂ ಪಾವತಿ ಇತ್ತು.

ಕಂಡಿ ಎಲ್ಲಿದೆ ಎಂದು ವಕೀಲರೊಬ್ಬರನ್ನು ಕೇಳಿ ತಿಳಿದುಕೊಂಡೆ. ಅನರ್ಹನಾದವನು ಸದನದ ತನ್ನ ಅವಧಿ ಮುಗಿಯುವವರೆಗೆ ಮಂತ್ರಿ ಆಗುವಂತಿಲ್ಲ, ಇಲ್ಲವೆ ಮತ್ತೆ ಆರಿಸಿ ಬರುವವರೆಗೆ ಆಗುವಂತಿಲ್ಲ. ‘ಯಾವುದು ಮೊದಲೋ ಅದು’ ಎಂದು 2003ರ ತಿದ್ದುಪಡಿಯಲ್ಲಿ ಬರೆದಿದ್ದಾರೆ. ಆ ‘ಯಾವುದು ಮೊದಲೋ ಅದು’ ಎಂಬ ಮಾತೇ ಕಂಡಿ. ಅವಧಿ ಮುಗಿಯುವವರೆಗಿನ ಶಿಕ್ಷೆ ಕೆಲವೇ ತಿಂಗಳಿಗೆ ಮುಗಿಯಬಹುದು.

‘ಜನರೇ ಮತ್ತೆ ಗೆಲ್ಲಿಸಿದ್ದಾರಲ್ಲ, ಇನ್ನೇನು?’ ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಹುರುಳಿದೆ, ಅಲ್ಲಗಳೆಯುವುದಿಲ್ಲ. ಆದರೆ ಆಳುವ ಪಕ್ಷದ ಅಭ್ಯರ್ಥಿ ಗೆದ್ದರೆ ಮಂತ್ರಿ ಆಗುತ್ತಾನೆ, ಸೋತರೆ ಊರಿಗೆ ಅನುದಾನ ಬರುವುದಿಲ್ಲ ಎಂಬ ಹೆದರಿಕೆಯಲ್ಲಿ ಹಾಕಿದ ಮತ ಎಷ್ಟು ಸ್ವತಂತ್ರ? ಮತ್ತೆ ಖರ್ಚು ಯಾರದ್ದು? ಉಪಚುನಾವಣೆ ನಡೆಸುವ ದುಡ್ಡು ಬೊಕ್ಕಸದ್ದು. ನೀತಿಸಂಹಿತೆ ಬಂದರೆ ಹೊಸ ಕಾಮಗಾರಿ ನಿಲ್ಲುತ್ತವೆ. ಮಕ್ಕಳ ಪಾಠ ಬಿಟ್ಟು ಮಾಸ್ತರರು ಮತಗಟ್ಟೆಗೆ ಹೋಗಬೇಕು. ರಾಜೀನಾಮೆ ಕೊಟ್ಟವರಿಗೆ ಇದರ ಒಂದು ಪೈಸೆ ತಟ್ಟುವುದಿಲ್ಲ.

‘ರಾಜೀನಾಮೆ ಕೊಡೋದು ಅವರ ಹಕ್ಕು’ ಎನ್ನುತ್ತಾರೆ. ಖರೆ. ಕಾಯಿಲೆ ಬಂತು, ಮನಸ್ಸು ಒಪ್ಪಲಿಲ್ಲ, ಬಿಟ್ಟು ಮನೆಗೆ ಹೋಗಲಿ, ಕೈ ಮುಗಿಯೋಣ. ಬಿಟ್ಟ ಕುರ್ಚಿಗೇ ಮರಳಿ ಬರುವ ಆತುರ ಮಾತ್ರ ಬೇಡ.

ನಮ್ಮ ಸಂಘದ ಲೆಕ್ಕದಲ್ಲೇ ಹೇಳುತ್ತೇನೆ. ಮತ ಎಂದರೆ ನಾವು ಐದು ವರ್ಷದ ಗಡುವು ಹಾಕಿ ಕೊಟ್ಟ ನಂಬಿಕೆಯ ಸಾಲ. ಗಡುವಿನ ನಡುವೆ ಕೈ ಎತ್ತಿದವನು ಸುಸ್ತಿದಾರ. ನಮ್ಮಲ್ಲಿ ನಿರ್ದೇಶಕನೇ ಸಾಲ ಸುಸ್ತಿ ಮಾಡಿದರೆ ಅವನ ಸ್ಥಾನ ಉಳಿಯುವುದಿಲ್ಲ, ಸಹಕಾರ ಕಾಯ್ದೆ ಬಿಡುವುದಿಲ್ಲ. ಒಂದು ಹಳ್ಳಿಯ ಸಂಘಕ್ಕೆ ಇರುವ ಕಟ್ಟುಪಾಡು ವಿಧಾನಸೌಧಕ್ಕೆ ಬೇಡವೇ?

ಆದ್ದರಿಂದ ನನ್ನ ಸಲಹೆ ಇಷ್ಟೇ. ಆರಿಸಿ ಬಂದವರು ನಡುವೆ ರಾಜೀನಾಮೆ ಕೊಟ್ಟರೆ, ಇಲ್ಲವೆ ಪಕ್ಷಾಂತರಕ್ಕಾಗಿ ಅನರ್ಹರಾದರೆ, ಆ ಸದನದ ಅವಧಿ ಮುಗಿಯುವವರೆಗೆ ಮತ್ತೆ ನಿಲ್ಲಬಾರದು. ಮಂತ್ರಿ ಪದವಿಯಾಗಲಿ, ನಿಗಮ ಮಂಡಳಿಯ ಅಧ್ಯಕ್ಷತೆಯಾಗಲಿ ಪಡೆಯಬಾರದು. ಇದನ್ನು ಕಾನೂನು ಮಾಡಬೇಕಾದವರು ಪಾರ್ಲಿಮೆಂಟಿನವರು. ತಮ್ಮ ಕೈ ತಾವೇ ಕಟ್ಟಿಕೊಳ್ಳುವರೇ ಎಂದು ನೀವು ನಗಬಹುದು. 1985ರಲ್ಲಿ ಕಟ್ಟಿಕೊಂಡರು, 2003ರಲ್ಲಿ ಇನ್ನಷ್ಟು ಬಿಗಿದುಕೊಂಡರು. ಜನ ಕೇಳುತ್ತಿದ್ದರೆ ಮೂರನೆಯ ಸಲವೂ ಆಗುತ್ತದೆ.

ನಮ್ಮ ಸಂಘದಲ್ಲಿ ಪಕ್ಷ ಬೇಡ, ಇಲ್ಲಿಯವರೆಗೆ ಇಲ್ಲ, ಮುಂದೆಯೂ ಬೇಡ. ಆದರೆ ಮತ ಕೇಳಲು ಯಾವ ಪಕ್ಷದವರು ಊರ ಕಟ್ಟೆಗೆ ಬಂದರೂ ಒಂದು ಪ್ರಶ್ನೆ ಕೇಳೋಣ: ‘ಐದು ವರ್ಷ ಇರ್ತೀರೋ? ನಡುವೆ ಬಿಟ್ಟರೆ ಮತ್ತೆ ನಿಲ್ಲೋದಿಲ್ಲ ಅಂತ ಎಲ್ಲರ ಮುಂದೆ ಮಾತು ಕೊಡ್ತೀರೋ?’

ಆ ಅಜ್ಜಿ ಈಗ ಇಲ್ಲ. ಅವಳು ಕೇಳಿದ ಒಂದು ಮಾತಿಗೆ ಹನ್ನೊಂದು ಮಂದಿ ನಾಚಿ ಒಂದು ಸಾಲು ಬರೆದೆವು. ವಿಧಾನಸೌಧದಲ್ಲಿ ಕೂತಿರುವ 224 ಮಂದಿ ನಾಚುವ ಹಾಗೆ ಕೇಳುವುದು ನಮ್ಮೆಲ್ಲರ ಕೆಲಸ.