ಮಾಗಿಯ ಶಿಬಿರ ಮತ್ತು ಎಚ್ಚರದ ರಾತ್ರಿ

(ಶತಮಾನೋತ್ಸವದ ಅಂಗವಾಗಿ ಜರುಗಿದ ಯುವಜನರ ಹಾಗೂ ಪೋಷಕರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ಹೇಳಲು ನನಗಿಂತ ಯೋಗ್ಯರಾದವರು ಈ ವೇದಿಕೆಯ ಮೇಲೆ ಆಸೀನರಾಗಿದ್ದಾರೆ. ಸಮಿತಿಯವರು ನನಗೆ ಒಪ್ಪಿಸಿರುವುದು ಸಣ್ಣ ವಿಷಯ: ಪ್ರತಿವರ್ಷ ಕ್ರಿಸ್ತಜಯಂತಿಯ ಮರುದಿನ ನಾವು ಕೈಗೊಳ್ಳುವ ಮಾಗಿಯ ಶಿಬಿರ. ಸಣ್ಣದೆಂದು ನಾನೆಂದರೂ, ಕಳೆದ ತಿಂಗಳ ಪೋಷಕರ ಸಭೆಯಲ್ಲಿ ಅತಿ ಹೆಚ್ಚು ಚರ್ಚೆಗೆ ಗುರಿಯಾದುದು ಇದೇ. "ಫಾದರ್, ಹುಡುಗರ್ನ ಈ ಚಳಿಯಾಗ ಬಯಲಾಗ ಯಾಕ ಮಲಗಿಸ್ತೀರಿ? ಹಂಪಿ ಬಾಜೂಕ ಒಳ್ಳೆ ರೂಮು ಸಿಗತಾವಲ್ರೀ" ಎಂದು ಒಬ್ಬ ತಾಯಿ ಕೇಳಿದರು. ಅಂದು ನಾನು ಕೊಟ್ಟ ಉತ್ತರ ನನಗೇ ಸಾಲದೆನಿಸಿತು. ಇಂದು ಮತ್ತೊಮ್ಮೆ ಉತ್ತರಿಸಲು ಯತ್ನಿಸುತ್ತೇನೆ. ಅದಕ್ಕಾಗಿ ನನ್ನದೊಂದು ತಪ್ಪನ್ನೂ ನಿಮ್ಮ ಮುಂದೆ ಹೇಳಬೇಕಾಗಿದೆ.

ನಮ್ಮ ಸೀಮೆಯ ಚಳಿ ಹಿಮಾಲಯದ ಚಳಿಯಲ್ಲ. ಹೊಸಪೇಟೆ, ಕಂಪ್ಲಿಗಳಲ್ಲಿ ಡಿಸೆಂಬರ್, ಜನವರಿ ತಿಂಗಳ ರಾತ್ರಿಗಳಲ್ಲಿ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಅಷ್ಟೇ. ಆದರೆ ಹಗಲೆಲ್ಲ 30 ಡಿಗ್ರಿಯ ಬಿಸಿಲಿನಲ್ಲಿ ಬೆವರಿದ ಮೈ ಅದೇ ಒದ್ದೆ ಅಂಗಿಯಲ್ಲಿ ಇರುಳನ್ನು ಎದುರಿಸಬೇಕಾದಾಗ ಆ 15 ಡಿಗ್ರಿಯೇ ಸಾಕಾಗುತ್ತದೆ. ಸಂಡೂರಿನಲ್ಲಂತೂ ಸುತ್ತಲೂ ಬೆಟ್ಟ, ನಡುವೆ ಕಣಿವೆ. ತಂಪಾದ ಗಾಳಿ ಭಾರವಾದುದರಿಂದ ಇಳಿಜಾರಿನಗುಂಟ ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಳ್ಳದ ದಂಡೆಯಲ್ಲಿ ಮಲಗಿದವನು ನಡುಗುವಾಗ ದಿಣ್ಣೆಯ ಮೇಲೆ ಮಲಗಿದವನು ಸುಖವಾಗಿ ಗೊರಕೆ ಹೊಡೆಯುವುದನ್ನು ನಾನು ನೋಡಿದ್ದೇನೆ. ಚಳಿ ಅಲ್ಪವಾಗಿರುವುದೇ ನಮ್ಮ ಅಪಾಯ. ಹಿಮದ ನಾಡಿನವರು ಚಳಿಗೆ ಅಂಜಿ ಸಿದ್ಧರಾಗುತ್ತಾರೆ. ನಾವು ಒಂದು ಚಾದರ ಹೆಗಲಿಗೆ ಹಾಕಿಕೊಂಡು ಹೊರಡುತ್ತೇವೆ.

ನನ್ನ ಮೊದಲನೆಯ ಶಿಬಿರಕ್ಕೆ ನಾನು ಹೋದುದೂ ಹಾಗೆಯೇ. ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಕಲಿತಿದ್ದೆ. ನೆಲದ ಮೇಲೆ ಮಲಗುವುದನ್ನು ಯಾರೂ ಕಲಿಸಿರಲಿಲ್ಲ. ಕಂಪ್ಲಿಯ ಬಳಿ ನಮ್ಮವರೊಬ್ಬರ ಗದ್ದೆ. ಭತ್ತದ ಕೊಯ್ಲು ಮುಗಿದು ಹುಲ್ಲಿನ ಬಣವೆ ಎದ್ದಿತ್ತು. ನಾವು ತಾಡಪತ್ರಿ ಹಾಸಿ ಅದರ ಮೇಲೆ ಮಲಗಿ, ಇದ್ದ ಹುಲ್ಲನ್ನೆಲ್ಲ ಮೈಮೇಲೆ ಎಳೆದುಕೊಂಡೆವು. ಪಕ್ಕದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿದ್ದ ಮುದುಕನೊಬ್ಬ ನಮ್ಮ ಅವಸ್ಥೆಯನ್ನು ನೋಡಿ ಎದ್ದುಬಂದ. "ಚಳಿ ಮ್ಯಾಲಿಂದ ಬರಂಗಿಲ್ರೀ ಸ್ವಾಮೇರ, ನೆಲದಾಗಿಂದ ಬರತೈತಿ. ಹುಲ್ಲು ತೆಳಗ ಹಾಸ್ರಿ" ಎಂದ. ಮೊಣಕಾಲೆತ್ತರ ಹುಲ್ಲು ಹಾಸಿ ಅದರ ಮೇಲೆ ತಾಡಪತ್ರಿ ಹಾಕಿದೆವು. ಹೊದಿಕೆ ಅದೇ ಆದರೂ ನಿದ್ರೆ ಬಂತು. ಹುಲ್ಲಿನ ಎಳೆಗಳ ನಡುವೆ ಸಿಲುಕಿ ನಿಂತ ಗಾಳಿಯೇ ಮೈಯ ಶಾಖ ನೆಲಕ್ಕೆ ಇಳಿಯದಂತೆ ತಡೆಯುತ್ತದೆಂಬುದನ್ನು ಅನಂತರ ವಿಜ್ಞಾನದ ಮೇಷ್ಟ್ರೊಬ್ಬರು ವಿವರಿಸಿದರು. ಹುಲ್ಲನ್ನು ಹಾಸುವ ಮೊದಲು ಕೋಲಿನಿಂದ ಕೊಡವಬೇಕು, ಕೊಳಕುಮಂಡಲ ಸೇರಿಕೊಂಡಿರಬಹುದು ಎಂದು ಎಚ್ಚರಿಸಿದವನೂ ಆ ಮುದುಕನೇ. ಮಾಲ್ಟಾ ದ್ವೀಪದಲ್ಲಿ ಮಳೆ ಚಳಿಗೆ ಸಿಕ್ಕಿದವರಿಗೆ ಅಲ್ಲಿಯ ಜನ ಬೆಂಕಿ ಹಾಕಿಕೊಟ್ಟಾಗ, ಸಂತ ಪೌಲರು ತಂದ ಸೌದೆಯ ಹೊರೆಯಿಂದಲೇ ಹಾವು ಹೊರಟಿತಲ್ಲವೇ? ಇತ್ತೀಚೆಗೆ ಯಂತ್ರದಿಂದ ಕೊಯ್ದ ಗದ್ದೆಗಳಲ್ಲಿ ಹುಲ್ಲು ತುಂಡುತುಂಡಾಗಿ ಹರಡಿಬಿಡುತ್ತದೆ. ಬಣವೆಯ ಉದ್ದ ಹುಲ್ಲಿಗಾಗಿ ಈಗ ಮುಂಚಿತವಾಗಿಯೇ ಹೇಳಿಡಬೇಕಾಗಿದೆ.

ಅದೇ ಗದ್ದೆಯಿಂದ ಕೂಗಳತೆಯಲ್ಲಿ ಕಬ್ಬು ಕಡಿಯುವ ಕೂಲಿಕಾರರ ಗುಡಿಸಲುಗಳಿದ್ದವು. ಕಬ್ಬಿನ ಸೋಗೆಯ ಗೋಡೆ, ಸೋಗೆಯದೇ ಮಾಡು. ಬೆಳಗಿನ ಜಾವ ಎದ್ದು ನಡುಗುತ್ತ ಬೆಂಕಿ ಹುಡುಕಿಕೊಂಡು ಹೋದ ನಮ್ಮ ಹುಡುಗರನ್ನು ಅವರು ತಮ್ಮ ಒಲೆಯ ಬಳಿ ಕೂರಿಸಿಕೊಂಡು ಚಹಾ ಕೊಟ್ಟರು. ಒಂದೇ ಕೌದಿಯ ಕೆಳಗೆ ನಾಲ್ಕು ಮಕ್ಕಳು ಮುದುಡಿ ಮಲಗಿದ್ದುದನ್ನು ಹುಡುಗರು ಕಂಡರು. ಆ ದಿನ ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಉಪದೇಶವನ್ನು ಬದಿಗಿಟ್ಟು ವಿಮೋಚನಾಕಾಂಡದ ಇಪ್ಪತ್ತೆರಡನೆಯ ಅಧ್ಯಾಯವನ್ನು ತೆರೆದೆ. ಬಡವನ ಹೊದಿಕೆಯನ್ನು ಒತ್ತೆಯಾಗಿ ಇಟ್ಟುಕೊಂಡವನು ಸೂರ್ಯ ಮುಳುಗುವುದರೊಳಗೆ ಅದನ್ನು ಹಿಂದಿರುಗಿಸಬೇಕೆಂಬ ವಿಧಿ ಅಲ್ಲಿದೆ, ಅವನಿಗಿರುವುದು ಅದೊಂದೇ. ಗುರುಮಠದಲ್ಲಿ ಆ ವಾಕ್ಯವನ್ನು ನಾನು ಪರೀಕ್ಷೆಗಾಗಿ ಓದಿದ್ದೆ. ಹಿಂದಿನ ರಾತ್ರಿ ತಾವೇ ನಡುಗಿದ್ದ ಆ ಹುಡುಗರಿಗೆ ಅದನ್ನು ವಿವರಿಸಬೇಕಾಗಲೇ ಇಲ್ಲ. ಅಮ್ಮಾ, ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ಅರ್ಧಭಾಗ ಇದು. ಒಳ್ಳೆಯ ರೂಮಿನಲ್ಲಿ ಮಲಗಿದ್ದರೆ ಆ ಕೌದಿ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. 2025ರ ಸೆಪ್ಟೆಂಬರ್ 7ರಂದು ಸಂತಪದವಿಗೇರಿದ ಇಟಲಿಯ ತರುಣ ಪಿಯೆರ್ ಜೋರ್ಜೋ ಫ್ರಸ್ಸಾತಿ ಪರ್ವತಾರೋಹಿಯಾಗಿದ್ದರು. ಬರ್ಲಿನ್ನಿನ ಕಡುಚಳಿಯಲ್ಲಿ ತಮ್ಮ ಕೋಟನ್ನು ಒಬ್ಬ ಮುದುಕನಿಗೆ ಕೊಟ್ಟು ಬಂದಾಗ ತಂದೆ ಗದರಿಸಿದರೆಂದೂ, ಚಳಿಯಿತ್ತಲ್ಲ ಎಂದಷ್ಟೇ ಇವರು ಉತ್ತರಿಸಿದರೆಂದೂ ಅವರ ಚರಿತ್ರೆಕಾರರು ಹೇಳುತ್ತಾರೆ.

ಇನ್ನು ನನ್ನ ತಪ್ಪಿನ ಮಾತು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ಸಂಡೂರಿನ ಬೆಟ್ಟಗಳ ಬುಡದಲ್ಲಿ ಪರಿಚಿತರೊಬ್ಬರ ತೋಟದಲ್ಲಿ ಶಿಬಿರ ಹೂಡಿದ್ದೆವು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು ನಮ್ಮಲ್ಲಿ ಅಕಾಲದ ಜಿನುಗುಮಳೆ ಹಿಡಿದಿತ್ತು. ಡೇರೆ ಸೋರಿ ಹುಡುಗರ ಬಟ್ಟೆಯೆಲ್ಲ ಒದ್ದೆಯಾಯಿತು. ತೋಟದ ಮನೆಯಲ್ಲಿ ಎರಡು ಕೋಣೆಗಳಿದ್ದವು. ಒಂದರಲ್ಲಿ ಏಳು ಮಂದಿ ಹುಡುಗರನ್ನು ಮಲಗಿಸಿ, ಕಬ್ಬಿಣದ ಬುಟ್ಟಿಯಲ್ಲಿ ಇದ್ದಲು ಕೆಂಡ ಮಾಡಿ ನಡುವೆ ಇಟ್ಟೆ. ಎರಚಲು ಬರುತ್ತದೆಂದು ಕಿಟಕಿ ಮುಚ್ಚಿದೆ. ಬಾಗಿಲನ್ನೂ ನಾನೇ ಎಳೆದೆ. ಹುಡುಗರು ಬೆಚ್ಚಗಿದ್ದಾರೆಂಬ ಸಮಾಧಾನದಿಂದ ಪಕ್ಕದ ಕೋಣೆಯಲ್ಲಿ ಮಲಗಿ ಗಾಢವಾಗಿ ನಿದ್ರಿಸಿದೆ.

ರಾತ್ರಿ ಎರಡು ಗಂಟೆಯ ಸುಮಾರಿಗೆ ಏನೋ ಬಿದ್ದ ಸದ್ದಾಯಿತು. ಮೂತ್ರಕ್ಕೆಂದು ಎದ್ದ ಹುಡುಗನೊಬ್ಬ ಬಾಗಿಲು ತೆರೆದವನೇ ಹೊಸ್ತಿಲ ಮೇಲೆ ಕುಸಿದಿದ್ದ. ಒಳಗಿದ್ದವರಲ್ಲಿ ಐವರು ತಲೆನೋವೆಂದು ನರಳುತ್ತ, ವಾಂತಿ ಮಾಡುತ್ತ ಎದ್ದರು. ಒಬ್ಬ ಏಳಲಿಲ್ಲ. ಹೆಸರು ಹಿಡಿದು ಕೂಗಿದೆ, ಕೆನ್ನೆಗೆ ಹೊಡೆದೆ, ಏಳಲಿಲ್ಲ. ಹೊರಗಿನ ಮಳೆಗೇ ಹೊತ್ತು ತಂದು ಮಲಗಿಸಿದೆವು. ತೋಟದವರ ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿ ಆಮ್ಲಜನಕ ಕೊಡಿಸಿದ ಮೇಲೆ, ಬೆಳಕು ಹರಿಯುವ ಹೊತ್ತಿಗೆ ಕಣ್ಣು ತೆರೆದ. ಮುಚ್ಚಿದ ಕೋಣೆಯಲ್ಲಿ ಇದ್ದಲು ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಂತೆ ಕೆಮ್ಮಿಸಿ ಎಚ್ಚರಿಸುವುದೂ ಇಲ್ಲ. ನೆತ್ತರಿನಲ್ಲಿ ಆಮ್ಲಜನಕದ ಜಾಗವನ್ನು ತಾನು ಹಿಡಿದು, ನಿದ್ರಿಸುವವನನ್ನು ನಿದ್ರೆಯಲ್ಲಿಯೇ ಒಯ್ಯುತ್ತದೆ. ಇದೆಲ್ಲವನ್ನೂ ನಾನು ತಿಳಿದುಕೊಂಡದ್ದು ಮರುದಿನ.

ಆ ಹುಡುಗನ ತಂದೆ ಅದಿರಿನ ಲಾರಿ ಓಡಿಸುತ್ತಿದ್ದರು. ಆಸ್ಪತ್ರೆಗೆ ಬಂದವರು ಮಗನನ್ನು ನೋಡಿ, ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ನನ್ನ ಬಳಿ ನಿಂತರು. "ನಿಮ್ಮ ಮ್ಯಾಲೆ ಬಿಟ್ಟಿದ್ದೆ ರೀ ಫಾದರ್" ಎಂದರು. ಅಷ್ಟೇ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮುಂದಿನ ಒಂದು ವರ್ಷ ಅವರು ಬಲಿಪೂಜೆಗೆ ಬರುತ್ತಿದ್ದರು, ಪರಮಪ್ರಸಾದ ಸ್ವೀಕರಿಸುತ್ತಿದ್ದರು, ನನ್ನೊಡನೆ ಮಾತಾಡಲಿಲ್ಲ.

ಇನ್ನು ಶಿಬಿರ ಬೇಡವೆಂದು ನಾನು ನಿಶ್ಚಯಿಸಿದ್ದೆ. ಆ ದಿನಗಳಲ್ಲಿ ಸಂತ ಯೊವಾನ್ನರ ಶುಭಸಂದೇಶ ನನಗೆ ಬೇರೆಯಾಗಿ ಕಂಡಿತು. ಇದ್ದಲಿನ ಬೆಂಕಿಯನ್ನು ಸೂಚಿಸುವ ಗ್ರೀಕ್ ಪದವೊಂದು ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಕಡೆ. ಒಂದು, ಚಳಿಯ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಸಂತ ಪೇತ್ರರು ಮೈ ಕಾಯಿಸಿಕೊಳ್ಳುತ್ತ ತಮ್ಮ ಗುರುವನ್ನು ಅರಿಯೆನೆಂದ ಸ್ಥಳ. ಇನ್ನೊಂದು, ಪುನರುತ್ಥಾನವಾದ ಯೇಸುಸ್ವಾಮಿ ಸರೋವರದ ದಡದಲ್ಲಿ ಮೀನು ರೊಟ್ಟಿಗಳನ್ನು ಅಣಿಗೊಳಿಸಿ, ಅದೇ ಪೇತ್ರರಿಗೆ ಕುರಿಮರಿಗಳನ್ನು ಒಪ್ಪಿಸಿದ ಸ್ಥಳ. ತಪ್ಪಿದವನನ್ನು ಅಂಥದೇ ಬೆಂಕಿಯ ಬಳಿ ಕೂರಿಸಿ ಮತ್ತೆ ಹೊಣೆಯನ್ನು ಕೊಟ್ಟರು. ಮರುವರ್ಷ ಡಿಸೆಂಬರಿನಲ್ಲಿ ಆ ಲಾರಿ ಚಾಲಕರು ಮಗನ ಕೈಹಿಡಿದು ನನ್ನ ಕಚೇರಿಗೆ ಬಂದು, ಶಿಬಿರಕ್ಕೆ ಯಾವಾಗ ಹೊರಡುವುದೆಂದು ಕೇಳಿದರು. ಮೂರು ರಾತ್ರಿಯೂ ತಾವೇ ಬಂದು ನನ್ನ ಪಕ್ಕದಲ್ಲಿ ಕಂಬಳಿ ಹೊದ್ದು ಬೆಳಗಿನವರೆಗೆ ಎಚ್ಚರವಾಗಿ ಕುಳಿತರು.

ಅಂದಿನಿಂದ ಶಿಬಿರದಲ್ಲಿ ಎಲ್ಲರೂ ಒಟ್ಟಿಗೆ ನಿದ್ರಿಸಿದ ರಾತ್ರಿಯೇ ಇಲ್ಲ. ಇಬ್ಬರು ದೊಡ್ಡವರು ಸದಾ ಎಚ್ಚರವಿರುತ್ತಾರೆ. ಡಿಸೆಂಬರಿನ ಕೊನೆಯಲ್ಲಿ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳು ನಡುರಾತ್ರಿಯ ವೇಳೆಗೆ ನೆತ್ತಿಯ ಸಮೀಪಕ್ಕೆ ಬರುತ್ತವೆ. ಅದೇ ನಮ್ಮ ಪಾಳಿ ಬದಲಾಗುವ ಗುರುತು. ಹನ್ನೊಂದನೆಯ ಪಿಯುಸ್ ಎಂಬ ಹೆಸರಿನಿಂದ 1922ರಲ್ಲಿ ಜಗದ್ಗುರುಗಳಾದ ಅಕಿಲ್ಲೆ ರಾತ್ತಿ ತರುಣ ಗುರುವಾಗಿದ್ದಾಗ, 1889ರಲ್ಲಿ, ಆಲ್ಪ್ಸ್ ಪರ್ವತದ ಮೋಂತೆ ರೋಸಾ ಶಿಖರವನ್ನು ಏರುವಾಗ ಬಂಡೆಯ ಕಿರಿದಾದ ಚಾಚಿನ ಮೇಲೆ ಸಂಗಡಿಗರೊಡನೆ ರಾತ್ರಿಯನ್ನು ಕಳೆದರು. ಅಲ್ಲಿ ನಿದ್ರಿಸಿದವನು ಉಳಿಯುವಂತಿರಲಿಲ್ಲ. ನಮ್ಮ ಬೆಟ್ಟಗಳು ಆಲ್ಪ್ಸ್ ಅಲ್ಲ, ನಿಜ. ಆದರೆ ಎಚ್ಚರವಿರುವವನ ಕೆಲಸ ಎಲ್ಲ ಕಡೆ ಒಂದೇ: ಎಣಿಸುವುದು. ನಾನು ಗಂಟೆಗೊಮ್ಮೆ ತಲೆಗಳನ್ನು ಎಣಿಸುತ್ತೇನೆ. ಕೆಲವು ಹುಡುಗರು ಇದಕ್ಕೆ ನನ್ನನ್ನು "ಕುರಿ ಎಣಿಸೋ ಫಾದರ್" ಎನ್ನುತ್ತಾರೆಂದು ನನಗೆ ಗೊತ್ತು.

ಉಳಿದ ನಿಯಮಗಳನ್ನು ಬೇಗ ಹೇಳಿಬಿಡುತ್ತೇನೆ. ಬೆಂಕಿ ಬಯಲಿನಲ್ಲಿ ಮಾತ್ರ. ಡೇರೆಯೊಳಗೆ, ಕೋಣೆಯೊಳಗೆ ಕೆಂಡ ಬರಕೂಡದು. ಸೂರ್ಯ ಮುಳುಗುವ ಮೊದಲೇ ಬೆವರಿನ ಬಟ್ಟೆ ಬದಲಾಗಬೇಕು. ಅರಣ್ಯದ ಗಡಿಯೊಳಗೆ ನಾವು ತಂಗುವುದಿಲ್ಲ. 1994ರಲ್ಲಿ ಸ್ಥಾಪನೆಯಾದ ದರೋಜಿ ಕರಡಿಧಾಮದ ಸುತ್ತಿನಲ್ಲಿ ಸಂಜೆಯಾದೊಡನೆ ಕರಡಿಗಳು ಗುಡ್ಡ ಇಳಿಯುತ್ತವೆ. ಅವುಗಳ ದಾರಿ ಅವಕ್ಕಿರಲಿ. 1986ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಹಂಪಿಯ ಸ್ಮಾರಕಗಳ ಆವರಣದಲ್ಲಿ ಒಲೆ ಹೂಡುವುದಾಗಲೀ ರಾತ್ರಿ ಕಳೆಯುವುದಾಗಲೀ ನಿಷಿದ್ಧ. ಹಂಪಿಗೆ ನಾವು ಕೊನೆಯ ದಿನ ಹಗಲಿನಲ್ಲಿ ನಡೆದು ಹೋಗುತ್ತೇವೆ. ರಾತ್ರಿಯೆಲ್ಲ ತಣ್ಣಗಾದ ಬಂಡೆಗಳು ಬಿಸಿಲಿಗೆ ಮೆಲ್ಲನೆ ಬೆಚ್ಚಗಾಗುವಾಗ ಅವಕ್ಕೆ ಬೆನ್ನು ಕೊಟ್ಟು ಕುಳಿತು ಮಂಡಕ್ಕಿ ತಿನ್ನುವ ಸುಖವನ್ನು ಹುಡುಗರೇ ವರ್ಣಿಸಬೇಕು. ಒಬ್ಬ ಸಿಸ್ಟರ್ ಹಾಗೂ ಇಬ್ಬರು ತಾಯಂದಿರು ಜೊತೆಗೆ ಬರದಿದ್ದರೆ ಹೆಣ್ಣುಮಕ್ಕಳನ್ನು ಕರೆದೊಯ್ಯುವುದಿಲ್ಲ. ಪ್ರಶ್ನೆ ಕೇಳಿದ ಆ ತಾಯಿ ಈ ಸಲ ತಾವೇ ಬರುವುದಾಗಿ ಈಗಷ್ಟೇ ಚೀಟಿ ಕಳುಹಿಸಿದ್ದಾರೆ. ಅವರಿಗೆ ನನ್ನ ವಂದನೆಗಳು.

ನನಗೆ ಅರವತ್ತು ದಾಟಿತು. ರಾತ್ರಿ ಎಚ್ಚರವಿರುವುದು ಈಗ ಕಷ್ಟವಲ್ಲ, ನಿದ್ರೆ ಹೇಗೂ ಬರುವುದಿಲ್ಲ. ಆದರೆ ಹೊಸ್ತಿಲಲ್ಲಿ ಬಿದ್ದ ಹುಡುಗನನ್ನು ಎತ್ತಿಕೊಂಡು ಓಡುವ ಶಕ್ತಿ ನನ್ನ ಮೊಣಕಾಲುಗಳಿಗಿಲ್ಲ. ಆದುದರಿಂದ ಈ ವರ್ಷದಿಂದ ಶಿಬಿರದ ಹೊಣೆಯನ್ನು ನಾಲ್ವರು ಕಿರಿಯರಿಗೆ ಒಪ್ಪಿಸುತ್ತಿದ್ದೇನೆ. ಅವರಲ್ಲಿ ಒಬ್ಬರು ಅಂದು ಸಂಡೂರಿನಲ್ಲಿ ಬಾಗಿಲು ತೆರೆದು ಬಿದ್ದ ಆ ಹುಡುಗ. ಈಗ ಅವರಿಗೂ ಇಬ್ಬರು ಮಕ್ಕಳು.

ಡಿಸೆಂಬರ್ 26ರಂದು ಬೆಳಗಿನ ಬಲಿಪೂಜೆಯಾದೊಡನೆ ದೇವಾಲಯದ ಮುಂದಿನಿಂದ ಹೊರಡುವುದು. ಮೊದಲ ರಾತ್ರಿ ಕಂಪ್ಲಿಯ ಗದ್ದೆಯಲ್ಲಿ. ಪ್ರತಿಯೊಬ್ಬರೂ ಎರಡು ಜೊತೆ ಒಣಬಟ್ಟೆ, ಕಿವಿ ಮುಚ್ಚುವ ಟೋಪಿ, ಎರಡು ದಿನಕ್ಕಾಗುವಷ್ಟು ಜೋಳದ ರೊಟ್ಟಿ, ಶೇಂಗಾ ಚಟ್ನಿ ತರಬೇಕು. ಕಂಬಳಿ ಎರಡು ಬೇಕು. ಹಿಂದಿರುಗುವಾಗ ಕೈಯಲ್ಲಿ ಒಂದೇ ಇರುತ್ತದೆ. ಇನ್ನೊಂದು ಕಂಪ್ಲಿಯಲ್ಲಿ ಯಾರಿಗೆಂದು ನಿಮಗೆ ಈಗಾಗಲೇ ತಿಳಿದಿದೆ. ಆದುದರಿಂದ ಹರಿದದ್ದನ್ನು ತರಬೇಡಿ.