ಕಣ್ಣಾರೆ ಕಂಡ ಸಾಕ್ಷಿ

ಗಾಂಧಿನಗರದ ಅಂಚಿನ ಬಸ್ ನಿಲ್ದಾಣದಲ್ಲಿ ಇಳಿದು, ಕೆಂಪೇಗೌಡ ರಸ್ತೆಯಲ್ಲಿ ಮೈಸೂರು ಬ್ಯಾಂಕ್ ವೃತ್ತದ ಕಡೆಗೆ ನಡೆಯುವ ಜನರಲ್ಲಿ ಹಿಂದೆ ಎರಡು ಬಗೆಯವರು ಎದ್ದು ಕಾಣುತ್ತಿದ್ದರು. ಸಿನಿಮಾ ನೋಡಲು ಬಂದವರು ಒಂದು ಬಗೆ; ಸಿಟಿ ಸಿವಿಲ್ ನ್ಯಾಯಾಲಯಕ್ಕೆ ಬಂದವರು ಇನ್ನೊಂದು ಬಗೆ. ಆ ರಸ್ತೆಯ ಚಿತ್ರಮಂದಿರಗಳಲ್ಲಿ ಅನೇಕವು ಈಗಿಲ್ಲ. ಸುತ್ತಣ ಪ್ರದೇಶಕ್ಕೆಲ್ಲ ತನ್ನ ಹೆಸರನ್ನು ಕೊಟ್ಟ ಮೆಜೆಸ್ಟಿಕ್ ಕೂಡ ಇಲ್ಲ. ನ್ಯಾಯಾಲಯ ಉಳಿದಿದೆ; ಸಾಕ್ಷಿ ಹೇಳಲು ಬರುವವರೂ ಉಳಿದಿದ್ದಾರೆ. ಸಿನಿಮಾ ನೋಡಿದವರ ನೆನಪು ತಪ್ಪಿದರೆ ಅದು ಹರಟೆಗೆ ಒಂದು ವಿಷಯ. ಸಾಕ್ಷಿಯ ನೆನಪು ತಪ್ಪಿದರೆ ನಿರಪರಾಧಿಯೊಬ್ಬನ ಆಯುಷ್ಯ ಸೆರೆಮನೆಯಲ್ಲಿ ಸವೆಯಬಹುದು. ಆದುದರಿಂದ ನೆನಪು ಎಂಬುದು ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಕೇವಲ ಪಂಡಿತರ ಕುತೂಹಲವಲ್ಲ.

ನಮ್ಮ ನೈಯಾಯಿಕರು ಈ ವಿಷಯದಲ್ಲಿ ಬಹಳ ಎಚ್ಚರದವರು. ಅವರು ಜ್ಞಾನವನ್ನು ಅನುಭವ, ಸ್ಮೃತಿ ಎಂದು ಎರಡಾಗಿ ವಿಂಗಡಿಸಿ, ಸ್ಮೃತಿಯನ್ನು ಪ್ರಮೆಯ ಸಾಲಿನಿಂದ ಹೊರಗಿಟ್ಟರು. ಸ್ಮೃತಿ ಹುಟ್ಟುವುದು ಸಂಸ್ಕಾರದಿಂದ, ಎಂದರೆ ಹಿಂದಿನ ಅನುಭವ ಮನಸ್ಸಿನಲ್ಲಿ ಬಿಟ್ಟುಹೋದ ಗುರುತಿನಿಂದ. ಆದರೆ ಆ ಗುರುತು ಇದ್ದಂತೆಯೇ ಇರುತ್ತದೆಯೇ? ಆಧುನಿಕ ಮನಶ್ಶಾಸ್ತ್ರ ಪ್ರಯೋಗಕ್ಕೆ ಒಡ್ಡಿದ್ದು ಈ ಪ್ರಶ್ನೆಯನ್ನು.

1885ರಲ್ಲಿ ಜರ್ಮನಿಯ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವಿನ ವೇಗವನ್ನು ಅಳೆದನು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಧಾವಿಸುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂದು ಕಂಡನು. ಆದರೆ ಮರೆವಿಗಿಂತ ಅಪಾಯಕಾರಿಯಾದುದು ಬೇರೊಂದಿದೆ. ಕೇಂಬ್ರಿಜ್‌ನ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ತೋರಿಸಿದನು. ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲಿಷರಿಗೆ ಓದಿಸಿ, ಕೆಲವು ಕಾಲದ ಮೇಲೆ ಅದನ್ನು ಬರೆಯಹೇಳಿದಾಗ, ಅವರ ಬರೆಹದಲ್ಲಿ ಸೀಲ್ ಬೇಟೆ ಮೀನು ಹಿಡಿಯುವ ಕೆಲಸವಾಗಿತ್ತು; ತಮಗೆ ಅಪರಿಚಿತವಾದುದು ಪರಿಚಿತವಾದುದಾಗಿ ಮಾರ್ಪಟ್ಟಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ಮರೆತುಹೋದ ಎಡೆಗಳನ್ನು ಮನಸ್ಸು ತನಗೆ ಒಪ್ಪುವ ವಸ್ತುವಿನಿಂದ ತುಂಬಿಕೊಂಡಿತ್ತು, ಅಷ್ಟೆ.

(ಬಾನುಲಿಯಲ್ಲಿ ಮನಶ್ಶಾಸ್ತ್ರವೇಕೆ ಎಂದು ಯಾರೂ ಕೇಳಬೇಕಾಗಿಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು.)

ಸಾಕ್ಷಿಯ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಪ್ರಯೋಗ ನಡೆದದ್ದು ಅಮೆರಿಕದಲ್ಲಿ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಅದನ್ನು ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಕಾರುಗಳ ಅಪಘಾತದ ಚಿತ್ರವೊಂದನ್ನು ತೋರಿಸಲಾಯಿತು. ಕೆಲವರನ್ನು, ಕಾರುಗಳು ಒಂದಕ್ಕೊಂದು ಹೊಡೆದಾಗ ವೇಗವೆಷ್ಟಿತ್ತು ಎಂದು ಕೇಳಿದರು. ಬೇರೆ ಕೆಲವರನ್ನು, ಅವು ಅಪ್ಪಳಿಸಿದಾಗ ವೇಗವೆಷ್ಟಿತ್ತು ಎಂದು ಕೇಳಿದರು. ಅಪ್ಪಳಿಸು ಎಂಬ ಮಾತನ್ನು ಕೇಳಿದವರು ಹೆಚ್ಚಿನ ವೇಗವನ್ನು ಹೇಳಿದರು. ಇಷ್ಟಾದರೆ ಆಶ್ಚರ್ಯವಿರಲಿಲ್ಲ. ಒಂದು ವಾರದ ಮೇಲೆ ಅವರನ್ನು ಮತ್ತೆ ಕರೆದು, ಒಡೆದ ಗಾಜನ್ನು ನೋಡಿದಿರಾ ಎಂದು ವಿಚಾರಿಸಿದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ‘ಹೊಡೆ’ ಎಂಬ ಮಾತು ಕೇಳಿದ 50 ಮಂದಿಯಲ್ಲಿ 7 ಜನ ಹೌದೆಂದರು. ‘ಅಪ್ಪಳಿಸು’ ಕೇಳಿದ 50 ಮಂದಿಯಲ್ಲಿ 16 ಜನ ಹೌದೆಂದರು. ಪ್ರಶ್ನೆಯಲ್ಲಿದ್ದ ಒಂದು ಕ್ರಿಯಾಪದ ನೆನಪಿನೊಳಗೆ ಹೊಕ್ಕು, ಗಾಜಿನ ಚೂರುಗಳನ್ನು ಹರಡಿ ಬಂದಿತ್ತು.

ಮುಖ್ಯ ವಿಚಾರಣೆಯಲ್ಲಿ ಉತ್ತರವನ್ನು ಸೂಚಿಸುವ ಪ್ರಶ್ನೆಯನ್ನು ಕೇಳಬಾರದು ಎಂಬ ನಿರ್ಬಂಧ 1872ರ ಸಾಕ್ಷ್ಯ ಅಧಿನಿಯಮದಲ್ಲಿಯೇ ಇತ್ತು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿಯೂ ಇದೆ. ಪಾಟೀಸವಾಲಿನಲ್ಲಿ ಅಂಥ ಪ್ರಶ್ನೆಗೆ ಅವಕಾಶವುಂಟು. ಈ ಏರ್ಪಾಡು ವಿವೇಕದ್ದೇ. ಆದರೆ ಸಾಕ್ಷಿ ಕಟಕಟೆಯನ್ನು ಏರುವ ವೇಳೆಗೆ ಎಷ್ಟು ಜನ ಅವನನ್ನು ಪ್ರಶ್ನಿಸಿರುತ್ತಾರೆ! ಘಟನೆಯ ಸ್ಥಳದಲ್ಲಿ ನೆರೆದ ಗುಂಪು, ಠಾಣೆಯ ಸಿಬ್ಬಂದಿ, ಮನೆಯವರು, ಪತ್ರಿಕೆಯ ಸುದ್ದಿ. ಅವರು ಆಡಿದ ಮಾತುಗಳಿಗೆಲ್ಲ ಆಕ್ಷೇಪಣೆ ಎತ್ತುವ ವಕೀಲರು ಅಲ್ಲಿರುವುದಿಲ್ಲ.

ಸಾಕ್ಷಿಯು ಧೈರ್ಯವಾಗಿ ಹೇಳಿದನೆಂದರೆ ನಾವು ನಂಬುತ್ತೇವೆ. ಇಲ್ಲಿಯೂ ಒಂದು ಮೋಸವಿದೆ. 1998ರಲ್ಲಿ ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ ಪ್ರಕಟಿಸಿದ ಪ್ರಯೋಗದಲ್ಲಿ, ನಿಜವಾದ ಅಪರಾಧಿಯೇ ಇಲ್ಲದ ಒಂದು ಭಾವಚಿತ್ರಗಳ ಸಾಲಿನಿಂದ ನೋಡುಗರು ಯಾರೋ ಒಬ್ಬನನ್ನು ಆರಿಸಿದರು. ಕೆಲವರಿಗೆ, ‘ಸರಿಯಾಗಿ ಗುರುತಿಸಿದಿರಿ’ ಎಂದು ಹೇಳಲಾಯಿತು. ಆ ಮಾತು ಕೇಳಿದವರು, ಆರಿಸುವಾಗಲೇ ತಮಗೆ ನಿಶ್ಚಯವಿತ್ತೆಂದೂ ಅವನ ಮುಖವನ್ನು ಚೆನ್ನಾಗಿ ಕಂಡಿದ್ದೆವೆಂದೂ ಉಳಿದವರಿಗಿಂತ ಗಟ್ಟಿಯಾಗಿ ಹೇಳಿದರು. ಬೆನ್ನು ತಟ್ಟಿದ ಕೈ ನೆನಪನ್ನೂ ತಿದ್ದಿತು.

ನೆನಪಿನಂತೆಯೇ ವಿಚಾರಶಕ್ತಿಗೂ ಇಂಥ ಓರೆಗಳಿವೆ. ಸುಲಭವಾಗಿ ನೆನಪಿಗೆ ಬಂದದ್ದೇ ಲೋಕದಲ್ಲಿ ಹೆಚ್ಚಾಗಿದೆ ಎಂದು ಭಾವಿಸುವ ಓರೆಯನ್ನು ಅಮೋಸ್ ಟ್ವರ್‌ಸ್ಕಿ ಮತ್ತು ಡೇನಿಯಲ್ ಕಾನೆಮನ್ 1973ರಲ್ಲಿ ವಿವರಿಸಿದರು. ಗಾಂಧಿನಗರದಿಂದಲೇ ಉದಾಹರಣೆ ಕೊಡಬಹುದು. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಪಟ್ಟಣದ ತರುಣರು ಹಳ್ಳಿಗೆ ಮರಳಿ ನೇಗಿಲು ಹಿಡಿದರೆಂಬ ಮಾತನ್ನು ಇಂದಿಗೂ ಕೇಳುತ್ತೇವೆ. ಮರಳಿದವರಿದ್ದಿರಬಹುದು; ಅದನ್ನು ಅಲ್ಲಗಳೆಯಲು ನನಗೆ ಮನಸ್ಸಿಲ್ಲ. ಆದರೆ ಮರಳಿದವನಿಗೆ ಒಂದು ಕಥೆಯಿದೆ. ಸಿನಿಮಾ ನೋಡಿ, ಕಣ್ಣೊರೆಸಿಕೊಂಡು, ಮರುದಿನ ಎಂದಿನಂತೆ ಕಚೇರಿಗೆ ಹೋದವನಿಗೆ ಕಥೆಯಿಲ್ಲ. ಲೆಕ್ಕಕ್ಕೆ ಬರುವುದು ಕಥೆಯುಳ್ಳವರೇ.

ನೆನಪು ಬೀಗ ಹಾಕಿದ ಉಗ್ರಾಣ, ಬೀಗ ಮುರಿದರೆ ಸತ್ಯ ಸಿಕ್ಕುತ್ತದೆ ಎಂಬ ಭ್ರಮೆಯ ಪರಾಕಾಷ್ಠೆಯನ್ನೂ ನಮ್ಮ ನಗರ ಕಂಡಿದೆ. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗಳಿಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಆಪಾದಿತನಿಗೆ ಸೋಡಿಯಂ ಪೆಂಟೊಥಾಲ್ ಕೊಟ್ಟು, ಅರೆನಿದ್ರೆಯಲ್ಲಿ ಪ್ರಶ್ನೆ ಕೇಳುವುದು ಅದರ ಕ್ರಮ. ಪೂರ್ಣ ಎಚ್ಚರದಲ್ಲಿರುವವನ ನೆನಪೇ ಪ್ರಶ್ನೆಯ ಒಂದು ಪದಕ್ಕೆ ಬಾಗುವುದಾದರೆ, ಮಂಪರಿನಲ್ಲಿರುವವನ ಗತಿಯೇನು? ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2010ರ ಮೇ 5ರಂದು ತೀರ್ಪಿತ್ತು, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆಗೆ ಯಾರನ್ನೂ ಒಳಪಡಿಸಕೂಡದೆಂದಿತು. ಸಂವಿಧಾನದ 20(3) ಮತ್ತು 21ನೆಯ ವಿಧಿಗಳು ಅದರ ಆಧಾರ. ಆ ಸ್ಥಿತಿಯಲ್ಲಿ ಆಡಿದ ಮಾತು ಕಲ್ಪನೆಯೂ ಆಗಿರಬಹುದೆಂಬ ವಿಚಾರ ಕೂಡ ತೀರ್ಪಿನಲ್ಲಿ ಚರ್ಚೆಗೆ ಬಂದಿದೆ.

ಹಾಗಾದರೆ ಸಾಕ್ಷಿಗಳನ್ನೇ ಕೈಬಿಡಬೇಕೆ? ಬೇಡ. ಮೊದಲ ಹೇಳಿಕೆಯನ್ನು ತಡಮಾಡದೆ, ಸಾಕ್ಷಿಯ ಮಾತಿನಲ್ಲಿಯೇ ಬರೆದಿಡಬೇಕು. ಗುರುತು ಪತ್ತೆ ಪರೇಡನ್ನು ತಿಂಗಳುಗಟ್ಟಲೆ ಮುಂದೂಡಬಾರದು. ಸಾಲಿನಲ್ಲಿ ಅಪರಾಧಿ ಇಲ್ಲದೆಯೂ ಇರಬಹುದೆಂದು ಸಾಕ್ಷಿಗೆ ಮುಂದಾಗಿ ತಿಳಿಸಬೇಕು. ಪರೇಡು ನಡೆಸುವವರಿಗೆ ಆಪಾದಿತ ಯಾರೆಂಬುದು ತಿಳಿಯದಿದ್ದರೆ ಇನ್ನೂ ಒಳ್ಳೆಯದು; ಕಣ್ಸನ್ನೆಯೂ ಒಂದು ಸೂಚನೆಯೇ. ಆರಿಸಿದ ಕ್ಷಣದಲ್ಲಿಯೇ, ಯಾರೂ ಭೇಷ್ ಎನ್ನುವುದಕ್ಕೆ ಮೊದಲು, ನಿಮಗೆಷ್ಟು ಖಚಿತ ಎಂದು ಕೇಳಿ ಬರೆದುಕೊಳ್ಳಬೇಕು. ಇವು ಯಾವುದಕ್ಕೂ ಔಷಧವೂ ಬೇಡ, ಯಂತ್ರವೂ ಬೇಡ. ಒಂದು ಹಾಳೆ ಕಾಗದ, ಒಂದು ಲೇಖನಿ, ಹೊತ್ತು ಮೀರುವ ಮುನ್ನ ಬರೆದುಕೊಳ್ಳುವ ಒಬ್ಬ ಅಧಿಕಾರಿ ಸಾಕು.